ಹೊಕ್ಕಳು ಸೀಳು

ಬೈತಖೋಲದ ಐಸ್ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ
ಎರಡು ವರ್ಷ ನಾನು ಮಾಡಿದ್ದು ಇಷ್ಟೇ:
ಅಕ್ಷರಗಳ ಮೂಲೆ ಉಜ್ಜಿದ್ದು.

ಕೇಳಿದವರು ಆಸ್ಪತ್ರೆಯವರು.
ಗೋಡೆಗೆ, ಚೀಟಿಗೆ, ಮಾತ್ರೆಯ ಲಕೋಟೆಗೆ
ಹೆದರಿ ಬಂದವರು ಓದುವಂಥ ಅಕ್ಷರ ಬೇಕು,
ಅದು ಗದರಬಾರದು, ಅಂದರು.
ಸರಿ, ಅಂದೆ.
ಕನ್ನಡ ಮೊದಲೇ ದುಂಡು,
ಇನ್ನೆಷ್ಟು ಮೆದು ಮಾಡಲಿ ಎಂದು ಕೇಳಲು
ಆಗ ಹೊಳೆಯಲಿಲ್ಲ.

ತಲೆಕಟ್ಟಿನ ಚೂಪು ತೆಗೆದೆ.
ತೆರೆ ಸರಿದ ಮೇಲೆ ಮರಳಲ್ಲಿ ಉಳಿಯುತ್ತದಲ್ಲ ಒಂದು ಅಂಚು,
ಅಷ್ಟೇ ಬಗ್ಗಿಸಿದೆ.
ಗೆರೆಯ ದಪ್ಪ ಎಲ್ಲ ಕಡೆ ಒಂದೇ ಇಟ್ಟೆ;
ಒಂದೇ ಅಂದರೆ ಒಂದೇ ಅಲ್ಲ,
ತಿರುವಿನಲ್ಲಿ ಕೂದಲೆಳೆ ಕಡಿಮೆ,
ಇಲ್ಲವಾದರೆ ಬಾವು ಬಂದ ಹಾಗೆ ಕಾಣುತ್ತದೆ.
‘ಬ’ಕ್ಕೆ ಹೊಟ್ಟೆ ತುಂಬ ಉಣಿಸಿದೆ.
‘ಠ’ ಒಂದೇ ಏಳು ದಿನ ತಿಂದಿತು.
ಒತ್ತಕ್ಷರಗಳನ್ನು ಸಾಲಿನ ಕೆಳಗೆ
ಒಂದರ ಮೊಣಕೈ ಇನ್ನೊಂದಕ್ಕೆ ತಾಗದಂತೆ ಕೂರಿಸಿದೆ.
ಕೆಳಗಡೆ ಯಂತ್ರ ಇಡೀ ದಿನ ಐಸ್ ಪುಡಿ ಮಾಡುತ್ತಿತ್ತು,
ನನ್ನ ಮೇಜು ನಡುಗುತ್ತಿತ್ತು.

ಕಿರಿಕಿರಿ ಆದದ್ದು ಸೀಳು ಮಾತ್ರ.
ಢ, ಧ, ಫ... ಇಷ್ಟು ನಯವಾದ ಮೈಗೆ
ಕೆಳಗೊಂದು ಗೀರು ಯಾಕೆ?
ಗಿಡ್ಡ ಮಾಡಿದೆ. ಇನ್ನೂ ಗಿಡ್ಡ.
ಕೊನೆಗೆ ಅಕ್ಕಿ ನುಚ್ಚಿನಷ್ಟು ಇಣುಕಿತು.
ಚಂದ ಕಂಡಿತು.
ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಮೀನುಗಾರಿಕೆ ಬಂದಾಗಿದ್ದ ಜುಲೈ.
ಬೋಟುಗಳೆಲ್ಲ ತಾಡಪತ್ರಿ ಹೊದ್ದು ದಡದಲ್ಲಿ.
ಹೆಸರು ಬರೆಯುವ ರೋಹಿದಾಸ ಬಾನಾವಳಿಗೆ
ಆ ವರ್ಷ ಕೈ ನಡುಕ ಶುರುವಾಗಿತ್ತು.
“ನಿನ್ನ ಅಕ್ಷರ ರಟ್ಟಿನಲ್ಲಿ ಕೊರೆದು ಕೊಡು ಬಾಯ್,
ಬಣ್ಣ ನಾನು ತುಂಬುತ್ತೇನೆ.”
ಕೊರೆದು ಕೊಟ್ಟೆ.
ಪುರಸೋ ತಾಂಡೇಲನ ಹೊಸ ಬೋಟು, ನೀಲಿ ಮೈ, ಹಳದಿ ಅಕ್ಷರ.
ಎಣ್ಣೆಬಣ್ಣ ದಪ್ಪ, ಮಳೆಗಾಲದ ಥಂಡಿ,
ಒಣಗುವ ಮೊದಲೇ ಹರಡಿ
ನುಚ್ಚಿನಷ್ಟಿದ್ದುದನ್ನೂ ನುಂಗಿತು.

ಬೆಳಗ್ಗೆ ಧಕ್ಕೆಯ ಮೇಲೆ ನಿಂತವರಿಗೆಲ್ಲ ಕಂಡದ್ದು:
ದನಲಕ್ಷ್ಮಿ.

“ಹಾಲು ಎಷ್ಟು ಲೀಟರ್, ಪುರಸೋ?”
“ಬಲೆ ಯಾಕೆ ಮಾರಾಯ, ಹಗ್ಗ ಹಿಡಿದುಕೊಂಡು ಹೋಗು!”
ಬುಟ್ಟಿ ಹೊತ್ತ ಹೆಂಗಸರು ನಗು ತಡೆಯಲಾರದೆ
ಬುಟ್ಟಿ ಇಳಿಸಿ ನಕ್ಕರು.
ಪುರಸೋ ನಗಲಿಲ್ಲ. ಸಾಲ ಮಾಡಿ ಕಟ್ಟಿಸಿದ್ದು.

ರೋಹಿದಾಸ ನನ್ನ ಕಡೆ ನೋಡಲೂ ಇಲ್ಲ.
“ನಮ್ಮ ಬಾಯಲ್ಲಿ ಎರಡೂ ಒಂದೇ,” ಅಂದ,
“ಹಲಗೆಗೆ ಬಾಯಿಲ್ಲ.”
ಏಣಿ ಹತ್ತಿದ, ಕುಂಚ ಅದ್ದಿದ,
ನಡುಗುವ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು
ಬಂಗುಡೆಯ ಹೊಟ್ಟೆಗೆ ಕತ್ತಿ ಇಟ್ಟವರ ಹಾಗೆ
ಒಂದೇ ಎಳೆತ.

ಸ್ವಲ್ಪ ವಾರೆ. ಮೇಲೆ ತೆಳು, ಕೆಳಗೆ ದಪ್ಪ.
ಒಂದು ಹನಿ ಇಳಿದು ಅಲ್ಲೇ ನಿಂತಿತು.
ಧಕ್ಕೆಯ ಆಚೆ ತುದಿಯಿಂದ ನೋಡಿದೆ.
ಧ.
ಬೆನ್ನ ಹಿಂದೆ ಯಾರೋ ಹೆಸರು ಓದಿದರು, ನಗದೆ.

ಮೇಲೆ ಬಂದು ಕಿಟಕಿ ಮುಚ್ಚಿ
ನನ್ನ ಗೀರುಗಳನ್ನೆಲ್ಲ ಅಳಿಸಿದೆ.
ಫೋಟೊ ಇಟ್ಟುಕೊಂಡು ಅಳೆದೆ ಅವನ ವಾರೆಯನ್ನು: ಆರು ಡಿಗ್ರಿ.
ಅದನ್ನು ನೆಟ್ಟಗೆ ಮಾಡಲು ಎರಡು ಸಲ ಕೈ ಹೋಯಿತು,
ಎರಡು ಸಲ ಹಿಂದೆ ಬಂತು.
ಅಷ್ಟು ಮೆದು ಮೈಯಲ್ಲಿ ಅದೊಂದು ಹರಿತ
ಇದ್ದರೇ ಉಳಿದದ್ದೆಲ್ಲ ಮೆದು ಅನಿಸುತ್ತದೆ,
ಹೀಗೆಂದು ಪುಸ್ತಕದಲ್ಲಿ ಬರೆದುಕೊಂಡೆ,
ಮರುದಿನ ಓದಿ ಹೊಡೆದು ಹಾಕಿದೆ.
ಗೀರು ಮಾತ್ರ ಇಟ್ಟೆ.

ಮಾಗಿಯಲ್ಲಿ ಆಸ್ಪತ್ರೆಗೆ ಹೋಗಿದ್ದೆ, ಹಲಗೆ ನೋಡಲು.
ಮೂರನೇ ಬೆಂಚಿನಲ್ಲಿ ರೋಹಿದಾಸ,
ಬೆರಳಲ್ಲಿ ಚೀಟಿ ಅದುರುತ್ತಿತ್ತು.
ಎಲ್ಲರೂ ಕೌಂಟರಿನ ಕಡೆ ನೋಡುತ್ತಿದ್ದರೆ
ಅವನೊಬ್ಬ ತಲೆಯೆತ್ತಿ ನೋಡುತ್ತಿದ್ದ
ಅದರ ಮೇಲಿನ ಮೂರಕ್ಷರವನ್ನು: ಔಷಧ.
ನಡುವಿನದಕ್ಕೆ ಹೊಟ್ಟೆ ಸೀಳು,
ಕಡೆಯದಕ್ಕೆ ಅವನದೇ ಎಳೆತ, ಆರು ಡಿಗ್ರಿ ವಾರೆ.

ಪಕ್ಕ ಕುಳಿತೆ. ತುಂಬ ಹೊತ್ತು ಸುಮ್ಮನಿದ್ದ.
ಅವನ ನಂಬರು ಕೂಗಿದರು.
ಏಳುತ್ತಾ ನನ್ನ ಭುಜ ಹಿಡಿದು,
“ಚೂರು ಉದ್ದ ಆಯ್ತು, ಬಾಯ್,” ಅಂದ.